ಕಲ್ಲನ್ನು ಓದುವ ವಿದ್ಯೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ಹೊರಗಿನವರ ಮನಸ್ಸಿನಲ್ಲಿ ಮೂಡುವ ಚಿತ್ರ ಬಂಡೆ, ಬಯಲು ಮತ್ತು ಬರ. ಕಡಲೆಕಾಯಿಯ ಹೊಲ, ನೀರಿಗಾಗಿ ಬಾಯಿಬಿಟ್ಟ ಕೆರೆ, ಕೆಲಸ ಅರಸಿ ಬೆಂಗಳೂರಿಗೆ ಹೊರಟ ಬಸ್ಸು, ಇವು ಆ ಚಿತ್ರದ ವಿವರಗಳು. ಪಾವಗಡದ ತಿರುಮಣಿಯ ಬಳಿ ಎದ್ದುನಿಂತ ಸೌರವಿದ್ಯುತ್ ಸ್ಥಾವರ ಈಚೆಗೆ ಅದಕ್ಕೆ ಸೇರಿಕೊಂಡಿದೆ. ಕಲೆ, ವಾಸ್ತುಶಿಲ್ಪ ಎಂಬ ಮಾತು ಬಂದರೆ ನಾವು ನೆನೆಯುವುದು ಬೇಲೂರು, ಹಳೇಬೀಡು, ಪಟ್ಟದಕಲ್ಲು, ಹಂಪೆಗಳನ್ನು. ಈ ನಾಲ್ಕು ತಾಲ್ಲೂಕುಗಳನ್ನಲ್ಲ. ಕಲೆಯ ಮತ್ತು ವಾಸ್ತುವಿನ ಇತಿಹಾಸ, ಸಿದ್ಧಾಂತಗಳನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಯುವುದೆಂದರೇನು, ಅದು ನಮ್ಮಲ್ಲಿಗೆ ಯಾವ ದಾರಿಯಿಂದ ಬಂದಿತು, ಮಧುಗಿರಿ ಶಿರಾಗಳ ಹುಡುಗನೊಬ್ಬ ಹುಡುಗಿಯೊಬ್ಬಳು ಅದನ್ನು ಕಲಿಯಹೊರಟರೆ ಎಲ್ಲಿಂದ ತೊಡಗಬೇಕು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಳ್ಳಬಯಸುತ್ತೇನೆ.

ಮೊದಲು ನನ್ನದೇ ಒಂದು ಸಂಗತಿಯನ್ನು ಹೇಳಿಬಿಡುವುದು ಪ್ರಾಮಾಣಿಕವಾದೀತು. ನಾನು ಕನ್ನಡ ಎಂ.ಎ. ಓದುತ್ತಿದ್ದಾಗ ಕರ್ನಾಟಕ ಸಂಸ್ಕೃತಿಯೆಂಬ ಒಂದು ಪತ್ರಿಕೆಯಿದ್ದಿತು. ಅದರಲ್ಲಿ ವಾಸ್ತುಶಿಲ್ಪಕ್ಕೆ ಒಂದು ಅಧ್ಯಾಯ. ಹೊಯ್ಸಳ ದೇವಾಲಯಗಳ ಲಕ್ಷಣಗಳನ್ನು ವಿವರಿಸಿರಿ ಎಂಬ ಪ್ರಶ್ನೆಗೆ ನಾನು ನಕ್ಷತ್ರಾಕಾರದ ತಳವಿನ್ಯಾಸ, ಎತ್ತರದ ಜಗತಿ, ಕಡೆದ ಕಂಬ, ಆನೆ ಕುದುರೆಗಳ ಸಾಲು ಎಂದು ಸರಾಗವಾಗಿ ಬರೆದೆ. ಒಳ್ಳೆಯ ಅಂಕಗಳೂ ಬಂದವು. ಆ ಹೊತ್ತಿಗೆ ನಾನು ಒಂದೇ ಒಂದು ಹೊಯ್ಸಳ ಗುಡಿಯನ್ನೂ ಕಣ್ಣಾರೆ ಕಂಡಿರಲಿಲ್ಲ. ಪಂಪನ ಒಂದು ಪದ್ಯವನ್ನೂ ಓದದೆ ಪಂಪನ ಶೈಲಿಯನ್ನು ವಿವರಿಸಿದವನನ್ನು ನಮ್ಮ ಅಧ್ಯಾಪಕರು ಕ್ಷಮಿಸುತ್ತಿರಲಿಲ್ಲ. ಗುಡಿಯ ವಿಷಯದಲ್ಲಿ ಮಾತ್ರ ಅದು ತಪ್ಪೆಂದು ಯಾರಿಗೂ ತೋರಲಿಲ್ಲ, ನನಗೂ ತೋರಲಿಲ್ಲ. ರಸ, ಧ್ವನಿ, ಔಚಿತ್ಯಗಳನ್ನು ವರ್ಷಗಟ್ಟಲೆ ಚರ್ಚಿಸಿದ ನಮಗೆ ಅಧಿಷ್ಠಾನ, ಪ್ರಸ್ತರ, ಗ್ರೀವಗಳು ಯಾವುವೆಂದು ತೋರಿಸಿಕೊಟ್ಟವರಿರಲಿಲ್ಲ.

ಕಲೆಯ ಇತಿಹಾಸವು ಒಂದು ಸ್ವತಂತ್ರ ವಿದ್ಯೆಯಾಗಿ ಬೆಳೆದದ್ದು ಯೂರೋಪಿನಲ್ಲಿ. ಜರ್ಮನಿಯ ವಿಂಕೆಲ್‌ಮನ್ 1764ರಲ್ಲಿ ಪ್ರಾಚೀನರ ಕಲೆಯ ಇತಿಹಾಸವನ್ನು ಪ್ರಕಟಿಸಿದನು. ಅಲ್ಲಿಯವರೆಗೆ ಬರೆಯಲಾಗುತ್ತಿದ್ದುದು ಹೆಚ್ಚಾಗಿ ಕಲಾವಿದರ ಜೀವನಚರಿತ್ರೆ. ಅವನು ಬರೆದದ್ದು ಶೈಲಿಯ ಚರಿತ್ರೆ. 1813ರಲ್ಲಿ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಫಿಯೊರಿಲ್ಲೊ ಎಂಬುವನು ಕಲೆಯ ಇತಿಹಾಸದ ಪ್ರಾಧ್ಯಾಪಕನಾದನು. ಶತಮಾನದ ಬಳಿಕ ಸ್ವಿಟ್ಜರ್ಲೆಂಡಿನ ವೂಲ್‌ಫ್ಲಿನ್ ತರಗತಿಯ ಗೋಡೆಯ ಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಬೆಳಗಿಸಿ ಹೋಲಿಸಿ ಪಾಠ ಹೇಳುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದನು. ಒಂದನ್ನೇ ನೋಡುತ್ತಿದ್ದರೆ ಕಣ್ಣು ಒಪ್ಪಿಕೊಂಡು ಸುಮ್ಮನಾಗುತ್ತದೆ. ಎರಡನ್ನು ಒಟ್ಟಿಗೆ ಇಟ್ಟರೆ ಪ್ರಶ್ನೆ ಕೇಳತೊಡಗುತ್ತದೆ. ಈ ವಿದ್ಯೆಯ ಅರ್ಧ ಸಾರ ಇಷ್ಟರಲ್ಲಿಯೇ ಇದೆ.

ಆದರೆ ಯೂರೋಪಿನ ಈ ವಿದ್ಯೆಯ ಪಂಕ್ತಿಯಲ್ಲಿ ನಮಗೆ ಹಾಕಿದ ಎಲೆ ಯಾವುದು? ಬ್ಯಾನಿಸ್ಟರ್ ಫ್ಲೆಚರ್ ಎಂಬ ತಂದೆ ಮಕ್ಕಳು 1896ರಲ್ಲಿ ಬರೆದ ವಾಸ್ತುಶಿಲ್ಪದ ಇತಿಹಾಸ ಒಂದು ಶತಮಾನ ಕಾಲ ವಾಸ್ತುವಿದ್ಯಾರ್ಥಿಗಳ ಪಠ್ಯವಾಗಿದ್ದಿತು. ನಮ್ಮ ದೇಶದಲ್ಲಿಯೂ ಅದನ್ನೇ ಓದಿದರು. ಅದರಲ್ಲಿ ವಾಸ್ತುಶಿಲ್ಪದ ಒಂದು ಮರದ ಚಿತ್ರ ಬರುತ್ತಿದ್ದಿತು. ನಡುವಿನ ಕಾಂಡದಲ್ಲಿ ಗ್ರೀಸ್, ರೋಮ್. ಮೇಲೆ ಯೂರೋಪಿನ ಶೈಲಿಗಳು. ಭಾರತ, ಚೀನ, ಜಪಾನ್‌ಗಳದು ಪಕ್ಕಕ್ಕೆ ಚಾಚಿ ಅಲ್ಲಿಗೇ ಮುಗಿದ ಕೊಂಬೆಗಳು. ಆ ಶೈಲಿಗಳಿಗೆ ಗ್ರಂಥಕರ್ತನು ಕೊಟ್ಟ ಹೆಸರು ‘ಇತಿಹಾಸವಿಲ್ಲದ ಶೈಲಿಗಳು’ ಎಂದು. ಬದಾಮಿಯ ಗುಹೆಗಳಿಂದ ಮೈಸೂರಿನ ಅರಮನೆಯವರೆಗೆ ಹದಿಮೂರು ಶತಮಾನ ಕಟ್ಟಿದ ಜನ ಇತಿಹಾಸವಿಲ್ಲದವರು! ಪಠ್ಯಪುಸ್ತಕವೆಂಬುದು ಕೇವಲ ಮಾಹಿತಿಯ ಮೂಟೆಯಲ್ಲ, ಅದರೊಳಗೆ ಒಂದು ನಿಲುವು ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಈ ನಿಲುವಿಗೆ ಉತ್ತರ ಬಹಳ ಮೊದಲೇ ದೊರೆತಿದ್ದಿತು, ಅದೂ ಬೆಂಗಳೂರಿನಲ್ಲಿ. ತಂಜಾವೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ರಾಮ್ ರಾಜ್ ಎಂಬ ವಿದ್ವಾಂಸನು ಮಾನಸಾರವೇ ಮೊದಲಾದ ಶಿಲ್ಪಶಾಸ್ತ್ರಗಳ ಹಸ್ತಪ್ರತಿಗಳನ್ನು ಕೂಡಿಸಿದನು. ಪಂಡಿತರಿಗೆ ಸಂಸ್ಕೃತ ಗೊತ್ತಿದ್ದಿತು, ಕಟ್ಟಡ ಗೊತ್ತಿರಲಿಲ್ಲ. ಶಿಲ್ಪಿಗಳಿಗೆ ಕಟ್ಟಡ ಗೊತ್ತಿದ್ದಿತು, ಗ್ರಂಥದ ಸಂಸ್ಕೃತ ಗೊತ್ತಿರಲಿಲ್ಲ. ಇಬ್ಬರನ್ನೂ ಕೇಳಿ, ಗ್ರಂಥವನ್ನೂ ಕಂಬವನ್ನೂ ಜತೆಗಿಟ್ಟು ತಾಳೆನೋಡಿ ಅವನು ಬರೆದ ಪ್ರಬಂಧ ಅವನು ತೀರಿಕೊಂಡ ಮೇಲೆ 1834ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮ ಕಂಬಗಳ ಪ್ರಮಾಣವನ್ನು ಗ್ರೀಕ್, ರೋಮನ್ ಕಂಬಗಳ ಪ್ರಮಾಣದೊಡನೆ ಅವನು ಅದರಲ್ಲಿ ಹೋಲಿಸಿದ್ದಾನೆ. ಭಾರತೀಯನೊಬ್ಬ ಭಾರತೀಯ ವಾಸ್ತುಸಿದ್ಧಾಂತವನ್ನು ಕುರಿತು ಆಧುನಿಕ ರೀತಿಯಲ್ಲಿ ಬರೆದ ಮೊದಲ ಗ್ರಂಥವದು. ಫರ್ಗ್ಯುಸನ್ನನ ಹೆಸರಾಂತ ಭಾರತೀಯ ವಾಸ್ತುಶಿಲ್ಪದ ಇತಿಹಾಸ ಹೊರಬಂದದ್ದು ಅದಾದ ನಾಲ್ವತ್ತೆರಡು ವರ್ಷಗಳ ಮೇಲೆ, 1876ರಲ್ಲಿ. ಗ್ರಂಥ ಒಂದು ಕೈಯಲ್ಲಿ, ಅಳತೆಯ ದಾರ ಇನ್ನೊಂದು ಕೈಯಲ್ಲಿ ಎಂಬ ಈ ಪದ್ಧತಿಯೇ ಇಂದಿಗೂ ಸರಿಯಾದ ಪದ್ಧತಿ.

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಈ ವಿಷಯಕ್ಕೆ ಮೊದಲು ಪೀಠ ಹಾಕಿಕೊಟ್ಟದ್ದು ಕಲ್ಕತ್ತ. 1921ರಲ್ಲಿ ಅಲ್ಲಿ ಅವನೀಂದ್ರನಾಥ ಠಾಕೂರರು ಬಾಗೀಶ್ವರೀ ಪ್ರಾಧ್ಯಾಪಕರಾದರು. ಮುಂದೆ ಸ್ಟೆಲ್ಲಾ ಕ್ರಾಮ್ರಿಶ್ ಅಲ್ಲಿ ಪಾಠ ಹೇಳಿದರು. ಹಿಂದೂ ದೇವಾಲಯವನ್ನು ಕುರಿತ ಅವರ ಮಹಾಗ್ರಂಥ 1946ರಲ್ಲಿ ಪ್ರಕಟವಾಯಿತು. 1950ರಲ್ಲಿ ಬರೋಡದಲ್ಲಿ ಲಲಿತಕಲೆಗಳ ವಿಭಾಗ ತೆರೆದು, ಕೈಯಿಂದ ಮಾಡುವ ಕಲೆಯ ಪಕ್ಕದಲ್ಲಿಯೇ ಕಲೆಯ ಇತಿಹಾಸ ಮತ್ತು ಸೌಂದರ್ಯಶಾಸ್ತ್ರಗಳನ್ನು ಕಲಿಸತೊಡಗಿದರು.

ಕನ್ನಡನಾಡಿನಲ್ಲಿ ಈ ವಿದ್ಯೆ ಬಂದ ದಾರಿ ಬೇರೆ. ಅದು ಮುಂಬಾಗಿಲಿನಿಂದ ಬರಲಿಲ್ಲ. ಶಾಸನದ ಪಕ್ಕದ ಬಾಗಿಲಿನಿಂದ ಬಂದಿತು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸರು ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಹೊರತಂದರು. ತುಮಕೂರು ಜಿಲ್ಲೆಯ ಹನ್ನೆರಡನೆಯ ಸಂಪುಟ 1904ರಲ್ಲಿ ಬಂದಿತು. ಅವರ ತರುವಾಯ 1906ರಲ್ಲಿ ಪ್ರಾಕ್ತನ ಇಲಾಖೆಯ ಹೊಣೆ ಹೊತ್ತವರು ಆರ್. ನರಸಿಂಹಾಚಾರ್ಯರು. ಕನ್ನಡದಲ್ಲಿ ಎಂ.ಎ. ಪದವಿ ಪಡೆದ ಮೊದಲಿಗರೆಂದು ಅವರನ್ನು ನಾವು ಬಲ್ಲೆವು. ಕರ್ನಾಟಕ ಕವಿಚರಿತೆಯ ಕರ್ತೃವೆಂದು ಬಲ್ಲೆವು. ಅದೇ ಕೈ 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತೂ 1919ರಲ್ಲಿ ಬೇಲೂರು, ದೊಡ್ಡಗದ್ದವಳ್ಳಿಗಳ ದೇವಾಲಯಗಳನ್ನು ಕುರಿತೂ ಒಂದೊಂದು ಗ್ರಂಥ ಬರೆಯಿತು. ವಿಗ್ರಹಗಳ ಕೆಳಗೆ ಕೆತ್ತಿದ ಮಲ್ಲಿತಮ್ಮ, ದಾಸೋಜ, ಚಾವಣ ಮುಂತಾದ ರೂವಾರಿಗಳ ಹೆಸರುಗಳನ್ನು ಅವರು ಓದಿ ಪಟ್ಟಿಮಾಡಿದರು. ಕವಿಗಳ ಚರಿತೆ ಬರೆದವರೇ ಶಿಲ್ಪಿಗಳ ಚರಿತೆಗೂ ಅಡಿಗಲ್ಲಿಟ್ಟರು. ಅವರ ಮೇಲೆ ಬಂದ ಡಾ. ಎಂ. ಎಚ್. ಕೃಷ್ಣ ಅವರು ವಿಶ್ವವಿದ್ಯಾನಿಲಯದ ಇತಿಹಾಸದ ಪ್ರಾಧ್ಯಾಪಕರೂ ಹೌದು. 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದವರು ಅವರು. ವರ್ಷ ವರ್ಷವೂ ಊರೂರು ತಿರುಗಿ ಗುಡಿಗಳ ವಿವರ ಬರೆದ ಆ ವರದಿಗಳೇ ಇಂದಿಗೂ ನಮ್ಮ ಸಂಶೋಧಕರಿಗೆ ಬುತ್ತಿ.

ಆದುದರಿಂದ ಕಲೆಯ ಇತಿಹಾಸವು ಕನ್ನಡ ಎಂ.ಎ.ಯವನಿಗೆ ಪರರ ಮನೆಯ ಸೊತ್ತಲ್ಲ. ಇಲ್ಲಿ ಇನ್ನೊಂದು ಮಾತು. ಸಿದ್ಧಾಂತವೆಂದರೆ ಸಂಸ್ಕೃತ ಗ್ರಂಥಗಳಲ್ಲಿ ಇಲ್ಲವೆ ಜರ್ಮನ್ ಗ್ರಂಥಗಳಲ್ಲಿ ಮಾತ್ರ ಇರುವುದೆಂದು ಭಾವಿಸಬೇಕಾಗಿಲ್ಲ. ಹೊಳಲಿನ ಶಾಸನವೊಂದು ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ಪ್ರಭೇದಗಳನ್ನು ಹೆಸರಿಸುತ್ತದೆ. ಕರ್ನಾಟಕದ ಇಂತಹ ಶಾಸನಗಳನ್ನೂ ಇಲ್ಲಿನ ಕಟ್ಟಡಗಳನ್ನೂ ಜೋಡಿಸಿ ಎಂ. ಎ. ಢಾಕಿಯವರು 1977ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕಟ್ಟುವವರು ತಮ್ಮ ಕೆಲಸದ ಬಗ್ಗೆ ಯೋಚಿಸುತ್ತಿದ್ದರು, ಹೆಸರಿಡುತ್ತಿದ್ದರು, ವರ್ಗೀಕರಿಸುತ್ತಿದ್ದರು. ಇತಿಹಾಸವಿಲ್ಲದವರ ರೀತಿ ಇದಲ್ಲ.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ವಿದ್ಯಾರ್ಥಿ ಮೊದಲು ಹೋಗಬೇಕಾದುದು ಒಂದು ಹೆಜ್ಜೆ ಹೊರಕ್ಕೆ, ಗಡಿಯಾಚೆಯ ಹೇಮಾವತಿಗೆ. ಹಿಂದೆ ಹೆಂಜೇರು ಎಂದು ಕರೆಸಿಕೊಂಡ ಇದು ನೊಳಂಬವಾಡಿ ಮೂವತ್ತೆರಡು ಸಾಸಿರದ ಅರಸರಾದ ನೊಳಂಬರ ರಾಜಧಾನಿ. ಇಂದು ಅದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಆದರೆ ಸುತ್ತಲಿನ ಊರುಗಳ ಮನೆಮಾತು, ಗುಡಿಯ ಶಾಸನ ಎರಡೂ ಕನ್ನಡ. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಕಟ್ಟಿದ ದೊಡ್ಡೇಶ್ವರ ದೇವಾಲಯದಲ್ಲಿ ಬಳ್ಳಿಗಳ ಸುರುಳಿಯೊಳಗೆ ಸಣ್ಣ ಸಣ್ಣ ಆಕೃತಿಗಳನ್ನು ಕೊರೆದ ಜಾಲಂಧ್ರಗಳಿವೆ. ಕಲ್ಲು ಗೋಡೆಯಾಗಿ ತಡೆಯುತ್ತಲೂ ಇದೆ, ಬೆಳಕನ್ನು ಒಳಗೆ ಬಿಡುತ್ತಲೂ ಇದೆ. ಸಿದ್ಧೇಶ್ವರ ದೇವಾಲಯದ ಗರ್ಭಗೃಹದಲ್ಲಿ ಲಿಂಗದ ಬದಲು ಕುಳಿತ ಮಾನುಷರೂಪದ ಶಿವನಿದ್ದಾನೆ. ಇದು ಬಹು ಅಪರೂಪ. ಗಂಗರ, ರಾಷ್ಟ್ರಕೂಟರ, ಪಲ್ಲವರ ನಡುವೆ ಬದುಕಿದ ಒಂದು ಚಿಕ್ಕ ಮನೆತನ ತನ್ನದೇ ಆದ ಕೈಬರಹವನ್ನು ಕಲ್ಲಿನಲ್ಲಿ ಹೇಗೆ ರೂಢಿಸಿಕೊಂಡಿತೆಂಬುದನ್ನು ಇಲ್ಲಿ ಕಾಣಬೇಕು.

ಹೇಮಾವತಿ ಮತ್ತೊಂದು ಪಾಠವನ್ನೂ ಹೇಳುತ್ತದೆ. ಇಲ್ಲಿನ ಶಿಲ್ಪಗಳಲ್ಲಿ ಅನೇಕವು ಇಂದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಶಿವರಾಮಮೂರ್ತಿಯವರು 1964ರಲ್ಲಿ ಅವನ್ನು ಕುರಿತು ಗ್ರಂಥ ಬರೆದರು. ಅದಕ್ಕೂ ಸಾವಿರ ವರ್ಷದಷ್ಟು ಹಿಂದೆ, ನೊಳಂಬವಾಡಿಯನ್ನು ಗೆದ್ದ ಚೋಳರ ಕಾಲದಲ್ಲಿ, ನೊಳಂಬರ ಕಂಬಗಳು ಕಾವೇರಿಯ ದಡದ ತಿರುವೈಯಾರಿಗೆ ಹೋದವು. ಅಲ್ಲಿನ ದೇವಾಲಯದಲ್ಲಿ ಈಗಲೂ ಚಾವಣಿ ಹೊತ್ತು ನಿಂತಿವೆ. ಗೆದ್ದವನು ಹೊನ್ನು, ಆನೆ, ಕುದುರೆಗಳನ್ನು ಒಯ್ಯುವುದು ಸಹಜ. ಕಂಬವನ್ನು ಅಷ್ಟು ದೂರ ಹೊತ್ತುಕೊಂಡು ಹೋದನೆಂದರೆ ಅದನ್ನು ಚೆಲುವೆಂದು ಕಂಡನೆಂದೇ ಅರ್ಥ. ಸೋತವರ ಕಲೆಗೆ ಗೆದ್ದವರು ಕೊಟ್ಟ ಈ ಪ್ರಶಸ್ತಿಯನ್ನು ಯಾವ ಆಸ್ಥಾನಕವಿಯೂ ಬರೆದಿಲ್ಲ. ಕಂಬದ ಮೈಯ ಕೆತ್ತನೆಯನ್ನು ಓದಬಲ್ಲವನು ಮಾತ್ರ ಅದನ್ನು ಓದಬಲ್ಲ.

ಅಲ್ಲಿಂದ ಪಾವಗಡ ತಾಲ್ಲೂಕಿನ ನಿಡುಗಲ್ಲಿಗೆ ಬಂದರೆ ಹನ್ನೆರಡು ಹದಿಮೂರನೆಯ ಶತಮಾನಗಳ ನಿಡುಗಲ್ ಚೋಳರು ಎದುರಾಗುತ್ತಾರೆ. ಕರಿಕಾಲನ ವಂಶದವರೆಂದು, ಒರೆಯೂರ ಪುರವರಾಧೀಶ್ವರರೆಂದು ಹೇಳಿಕೊಂಡ ಇವರ ಶಾಸನಗಳ ಭಾಷೆ ಕನ್ನಡ. ಇರುಂಗೋಳನ ಕಾಲದಲ್ಲಿ, 1232ರಲ್ಲಿ, ಈ ಬೆಟ್ಟದ ಮೇಲೆ ಪಾರ್ಶ್ವಜಿನರ ಬಸದಿಯೊಂದು ಎದ್ದಿತೆಂದು ಶಾಸನ ಹೇಳುತ್ತದೆ. ಶಾಸನ ಕಟ್ಟಿಸಿದವನ ಹೆಸರು, ತಿಥಿ, ದತ್ತಿಯ ಭೂಮಿಯ ಎಲ್ಲೆಗಳನ್ನು ಹೇಳುತ್ತದೆ. ಕಟ್ಟಡ ಹೇಗಿತ್ತೆಂದು ಹೇಳುವುದಿಲ್ಲ. ಕಟ್ಟಡ ತಾನು ಹೇಗಿದ್ದೇನೆಂದು ತೋರಿಸುತ್ತದೆ. ಯಾರು, ಯಾವಾಗ ಎಂದು ಹೇಳುವುದಿಲ್ಲ. ಇಬ್ಬರು ಸಾಕ್ಷಿಗಳು, ಇಬ್ಬರೂ ಅರ್ಧ ಅರ್ಧ ಹೇಳುವವರು. ಕಲ್ಲು ಒಂದು ಕಾಲದ್ದು, ಅಕ್ಷರ ಇನ್ನೊಂದು ಕಾಲದ್ದು ಆಗಿರುವುದೂ ಉಂಟು. ಇವರನ್ನು ಎದುರುಬದುರು ನಿಲ್ಲಿಸಿ ವಿಚಾರಿಸುವುದನ್ನೇ ವಿದ್ಯಾರ್ಥಿ ಮೊದಲು ಕಲಿಯಬೇಕು.

ಮಧುಗಿರಿಯ ಪಾಠ ಇನ್ನೊಂದು ಬಗೆಯದು. 3,930 ಅಡಿ ಎತ್ತರದ ಆ ಏಕಶಿಲೆಯ ಬೆಟ್ಟದ ಮೇಲೆ ಮೊದಲು ಮಣ್ಣಿನ ಕೋಟೆ ಕಟ್ಟಿದವನು ರಾಜ ಹಿರೇಗೌಡನೆಂದು ಹೇಳುತ್ತಾರೆ. ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಮರಳಿ ಬಂದಿತಂತೆ. ಬೆಟ್ಟದ ಮೇಲೆ ನೀರಿದೆಯೆಂದು ತಿಳಿದು ಕೋಟೆ ಕಟ್ಟಿಸಿದರಂತೆ. ಕಥೆ ನಿಜವೋ ಸುಳ್ಳೋ, ಅದರೊಳಗೊಂದು ವಾಸ್ತುಸಿದ್ಧಾಂತವಿದೆ: ಈ ಸೀಮೆಯಲ್ಲಿ ಕಟ್ಟಡಕ್ಕೆ ಮೊದಲು ಬೇಕಾದುದು ಕಲ್ಲಲ್ಲ, ನೀರು. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಮಧುಗಿರಿಯನ್ನು ಗೆದ್ದಿತು. ಮಿಡಿಗೇಶಿ, ಬಿಜ್ಜಾವರ ಮತ್ತು ಇಂದು ಕೊರಟಗೆರೆ ತಾಲ್ಲೂಕಿನಲ್ಲಿರುವ ಚನ್ನರಾಯನದುರ್ಗಗಳೂ ಅದೇ ದಂಡಯಾತ್ರೆಯಲ್ಲಿ ಮೈಸೂರಿಗೆ ಸೇರಿದವು. ಮುಂದೆ ಹೈದರನು ಮಧುಗಿರಿಯ ಕೋಟೆಯನ್ನು ಕಲ್ಲಿನಲ್ಲಿ ವಿಸ್ತರಿಸಿದನು. 1763ರಲ್ಲಿ ಬಿದನೂರು ಬಿದ್ದಾಗ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇಲ್ಲಿಯೇ.

ಈ ಕೋಟೆಗೆ ಶಿಲ್ಪಿಯ ಹೆಸರಿಲ್ಲ, ಕೆತ್ತನೆಯ ಸೊಗಸಿಲ್ಲ. ಹಾಗಾದರೆ ಇದು ವಾಸ್ತುಕಲೆಯೆ? ವಿಶ್ವವಿದ್ಯಾನಿಲಯದ ಸಿದ್ಧಾಂತದ ತರಗತಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು. ಕೋಟೆಯ ಗೋಡೆ ಬಂಡೆಯ ಬಾಗನ್ನು ಅನುಸರಿಸಿ ಏರುವುದನ್ನು ನೋಡಿ. ಬಂಡೆಯೇ ಗೋಡೆಯಾಗಿರುವಲ್ಲಿ ಕಟ್ಟುವವನು ಸುಮ್ಮನಿದ್ದಾನೆ; ಬಂಡೆ ಸೋತಲ್ಲಿ ಮಾತ್ರ ಕೈಹಾಕಿದ್ದಾನೆ. ಮಳೆಯ ನೀರು ಹರಿದು ದೊಣೆಗಳಲ್ಲಿ ನಿಲ್ಲುವಂತೆ ನೋಡಿಕೊಂಡಿದ್ದಾನೆ. ಎಲ್ಲಿ ಕಟ್ಟಬಾರದೆಂಬುದನ್ನು ತಿಳಿದವನು ದೊಡ್ಡ ವಾಸ್ತುಶಿಲ್ಪಿಯಲ್ಲವೆ? ಕೆಳಗೆ ಊರಿನಲ್ಲಿ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳು ಅಕ್ಕಪಕ್ಕದಲ್ಲಿ ನಿಂತಿವೆ. ಅಲ್ಲಿ ಕಂಬ, ತೊಲೆ, ಗೋಪುರ ಎಲ್ಲವೂ ಸಂಪ್ರದಾಯದ ಪ್ರಕಾರ. ವೂಲ್‌ಫ್ಲಿನ್ ಹೇಳಿಕೊಟ್ಟಂತೆ ಬೆಟ್ಟದ ಕೋಟೆಯನ್ನೂ ಊರಿನ ಗುಡಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದವನಿಗೆ ಶಾಸ್ತ್ರದ ವಾಸ್ತು, ನೆಲದ ವಾಸ್ತು ಎಂಬ ಎರಡು ತರ್ಕಗಳು ಒಂದೇ ಬೆಳಗ್ಗೆ ತಿಳಿಯುತ್ತವೆ.

ಶಿರಾಕ್ಕೆ ಬಂದರೆ ಮತ್ತೊಂದು ಲೋಕ. ರತ್ನಗಿರಿಯ ರಂಗಪ್ಪ ನಾಯಕ ಕಟ್ಟತೊಡಗಿದ ಈ ಊರನ್ನು 1638ರ ಸುಮಾರಿಗೆ ಬಿಜಾಪುರದ ರಣದುಲ್ಲಾಖಾನ ಗೆದ್ದನು. ಬಿಜಾಪುರದ ಅಧಿಕಾರಿಯಾಗಿ ಇಲ್ಲಿದ್ದ ಮಲಿಕ್ ರಿಹಾನನ ಗೋರಿ 1651ರದು. ಬಿಜಾಪುರದ ಗೋಲಗುಮ್ಮಟದ ಕಾಲವೂ ಹೆಚ್ಚುಕಡಿಮೆ ಅದೇ. ಅಲ್ಲಿ ಸುಮಾರು 44 ಮೀಟರ್ ಅಡ್ಡಗಲದ ಗುಮ್ಮಟ; ಇಲ್ಲಿ ಒಂದು ಪರಗಣೆಯ ಪಟ್ಟಣದ ಅಳತೆಗೆ ತಕ್ಕ ಗುಮ್ಮಟ. ಆದರೆ ಎರಡೂ ಕಡೆ ಕಟ್ಟುವವನಿಗೆ ಎದುರಾದ ಸಮಸ್ಯೆ ಒಂದೇ: ಚೌಕದ ಗೋಡೆಗಳ ಮೇಲೆ ದುಂಡು ಗುಮ್ಮಟವನ್ನು ಹೇಗೆ ಕೂರಿಸುವುದು? ನಾಲ್ಕು ಮೂಲೆಗಳನ್ನು ಏನು ಮಾಡುವುದು? ಮಧುಗಿರಿಯ ಗುಡಿ ಕಟ್ಟಿದವನಿಗೆ ಈ ಪ್ರಶ್ನೆಯೇ ಇರಲಿಲ್ಲ. ಅವನದು ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಶಿರಾದ ಕಮಾನಿನವನಿಗೆ ಭಾರವನ್ನು ಬಾಗಿಸಿ ನೆಲಕ್ಕಿಳಿಸಬೇಕಾಗಿದ್ದಿತು. ಮತದ ಹೆಸರಿನಿಂದ ಕಟ್ಟಡಗಳನ್ನು ಬೇರ್ಪಡಿಸುವ ಅಭ್ಯಾಸ ನಮಗೆ ಹಳೆಯದು. ಭಾರ ಹೇಗೆ ಇಳಿಯುತ್ತದೆ ಎಂಬ ಪ್ರಶ್ನೆ ಕೇಳಿದರೆ ಎರಡೂ ಒಂದೇ ವಿದ್ಯೆಯ ಎರಡು ಉತ್ತರಗಳೆಂದು ಕಾಣುತ್ತದೆ.

1687ರಲ್ಲಿ ಮೊಗಲರು ಶಿರಾವನ್ನು ಒಂದು ಸುಬಾದ ರಾಜಧಾನಿಯಾಗಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳು ಅದರ ಅಧೀನ. ಕಡೆದ ಕಲ್ಲಿನ ಜುಮ್ಮಾ ಮಸೀದಿ 1696ರದು. ಹದಿನೆಂಟನೆಯ ಶತಮಾನದಲ್ಲಿ ದಿಲಾವರ್ ಖಾನ ಇಲ್ಲಿ ಕಟ್ಟಿಸಿದ ಅರಮನೆ ಎಷ್ಟು ಸೊಗಸಾಗಿದ್ದಿತೆಂದರೆ, ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅದೇ ಮಾದರಿಯಾಯಿತೆಂದು ರೈಸರು ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಇಲ್ಲಿನ ಖಾನ್ ಬಾಗ್ ತೋಟವೇ ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದೆಂದೂ ಊಹಿಸಿದ್ದಾರೆ. ಆ ಅರಮನೆ ಇಂದು ಇಲ್ಲ. ಬಾಳದ ಸಾಮಗ್ರಿಗಳಿಂದ ಕಟ್ಟಿದ್ದುದರಿಂದ ಅದು ಬೇಗನೆ ಅಳಿಯಿತು. ಟಿಪ್ಪು ಹನ್ನೆರಡು ಸಾವಿರ ಕುಟುಂಬಗಳನ್ನು ಶಿರಾದಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಒಯ್ದನೆಂದು ಹೇಳಿಕೆ. ಜನ ಹೋದ ಊರಿನಲ್ಲಿ ಮನೆ ಉಳಿಯುವುದೆಂತು? ಹೈದರ್ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಬೆಂಗಳೂರಿನ ಬೇಸಗೆಯ ಅರಮನೆ, 1784ರ ದರಿಯಾ ದೌಲತ್ ಎರಡೂ ಇಂದಿಗೂ ಇವೆ. ಮರದ ಕಂಬ, ಅಲೆಯಲೆಯಾದ ಕಮಾನುಗಳ ಆ ಕಟ್ಟಡಗಳನ್ನು ನೋಡುವವರು ದಿನವೂ ಸಾವಿರಾರು. ಅವುಗಳಲ್ಲಿ ಶಿರಾವನ್ನು ಕಾಣುವವರೆಷ್ಟು? ಒಂದು ಕಾವ್ಯದ ಮೂಲಪ್ರತಿ ಕಳೆದುಹೋಗಿ ಪ್ರತಿಗಳು ಮಾತ್ರ ಉಳಿದರೆ ಗ್ರಂಥಸಂಪಾದಕ ಮೂಲವನ್ನು ಊಹಿಸುತ್ತಾನೆ. ಕಟ್ಟಡದ ಇತಿಹಾಸಕಾರನೂ ಕೆಲವೊಮ್ಮೆ ಮಾಡಬೇಕಾದುದು ಅದನ್ನೇ.

ಈ ಎಲ್ಲವನ್ನೂ ಕಲಿಸಲು ವಿಷ್ಣುಧರ್ಮೋತ್ತರ ಪುರಾಣವು ಒಂದು ಕ್ರಮವನ್ನು ಸೂಚಿಸುತ್ತದೆ. ವಜ್ರನೆಂಬ ಅರಸನು ಮಾರ್ಕಂಡೇಯನ ಬಳಿ ವಿಗ್ರಹಗಳನ್ನು ಮಾಡುವ ವಿದ್ಯೆಯನ್ನು ಬೇಡುತ್ತಾನೆ. ಚಿತ್ರವನ್ನು ಅರಿಯದವನಿಗೆ ವಿಗ್ರಹ ತಿಳಿಯದು ಎನ್ನುತ್ತಾನೆ ಋಷಿ. ಹಾಗಾದರೆ ಚಿತ್ರವನ್ನು ಕಲಿಸು ಎಂದರೆ, ನೃತ್ತ ತಿಳಿಯದೆ ಚಿತ್ರವಿಲ್ಲ. ನೃತ್ತಕ್ಕೆ ವಾದ್ಯ ಬೇಕು, ವಾದ್ಯಕ್ಕೆ ಗೀತ ಬೇಕು. ಒಂದು ಕಲೆಯ ಬಾಗಿಲನ್ನು ತಟ್ಟಿದರೆ ಅದು ಪಕ್ಕದ ಮನೆಗೆ ಕಳಿಸುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇತಿಹಾಸ ಒಂದು ಕಟ್ಟಡದಲ್ಲಿ, ಕನ್ನಡ ಇನ್ನೊಂದರಲ್ಲಿ. ಚಿತ್ರಕಲೆಯೂ ವಾಸ್ತುವಿದ್ಯೆಯೂ ಬೇರೆ ಬೇರೆ ಕಾಲೇಜುಗಳಲ್ಲಿ. ಮಾರ್ಕಂಡೇಯನ ವಿದ್ಯಾರ್ಥಿ ಇಂದು ಬಂದರೆ ಎಷ್ಟು ಅರ್ಜಿಗಳನ್ನು ತುಂಬಬೇಕಾದೀತೋ!

ಜನಪದ ಕಥೆಗಳ ಮಾತನ್ನೂ ಒಂದಿಷ್ಟು ಆಡಬೇಕು. ತುಮಕೂರಿನ ಬಳಿಯ ಕೈದಾಳದಲ್ಲಿ ಜಕಣಾಚಾರಿಗೆ ಕಳೆದುಹೋದ ಕೈ ಮರಳಿ ಬಂದಿತೆಂಬ ಕಥೆಯನ್ನು ಈ ಸೀಮೆಯ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಆದರೆ ಊರಿನ ಶಾಸನ ಹೇಳುವುದು ಹೊಯ್ಸಳ ನರಸಿಂಹನ ಸಾಮಂತನಾದ ಬಾಚಿಯ ಹೆಸರನ್ನು; ಕಾಲ 1150ರ ಸುಮಾರು. ಆ ಮಾತ್ರಕ್ಕೆ ಕಥೆಯನ್ನು ಎಸೆದುಬಿಡುವುದೆ? ಕೈಯೇ ಸರ್ವಸ್ವವಾದ ಕುಲವೊಂದು ತನ್ನ ಭಯವನ್ನೂ ಅಭಿಮಾನವನ್ನೂ ಆ ಕಥೆಯಲ್ಲಿಟ್ಟಿದೆ. ಕಥೆ ಯಾವುದಕ್ಕೆ ಸಾಕ್ಷಿ, ಶಾಸನ ಯಾವುದಕ್ಕೆ ಸಾಕ್ಷಿ ಎಂದು ಬೇರ್ಪಡಿಸಿ, ಎರಡನ್ನೂ ಗೌರವಿಸುವುದು ಶಿಕ್ಷಣದ ಫಲ.

ಕೊನೆಯದಾಗಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಪಾವಗಡದ ಕಡೆಯ ಒಬ್ಬ ವಿದ್ಯಾರ್ಥಿನಿ ಬಂದು, “ಸಾರ್, ಬರೋಡದಲ್ಲಿ ಕಲೆಯ ಇತಿಹಾಸ ಅಂತಲೇ ಎಂ.ಎ. ಇದೆಯಂತೆ. ನಾನು ಓದಬಹುದೆ?” ಎಂದು ಕೇಳಿದಳು. “ಅದನ್ನು ಓದಿ ಏನು ಮಾಡುತ್ತೀಯಮ್ಮ? ಬಿ.ಎಡ್. ಮಾಡು, ಮನೆಗೆ ಆಧಾರವಾಗುತ್ತೆ” ಎಂದೆ. ಬರದ ಸೀಮೆಯ ಮನೆಯ ಕಷ್ಟ ನನಗೆ ಗೊತ್ತಿತ್ತು. ಒಳ್ಳೆಯದನ್ನೇ ಹೇಳಿದೆನೆಂದು ತಿಳಿದಿದ್ದೆ. ಅವಳು ಹಾಗೆಯೇ ಮಾಡಿದಳು.

ಎಷ್ಟೋ ವರ್ಷಗಳ ಮೇಲೆ ಒಂದು ಹಳ್ಳಿಯ ಪ್ರೌಢಶಾಲೆಗೆ ಭಾಷಣಕ್ಕೆ ಹೋದಾಗ ಅವಳು ಅಲ್ಲಿ ಅಧ್ಯಾಪಿಕೆ. ಊರ ಹೊರಗಿನ ಹಳೆಯ ಮಂಟಪಕ್ಕೆ ಮಕ್ಕಳೊಡನೆ ನನ್ನನ್ನೂ ಕರೆದೊಯ್ದಳು. ಮಕ್ಕಳು ಹಗ್ಗ ಹಿಡಿದು ಕಂಬಗಳನ್ನು ಅಳೆದು ಚೌಕಳಿ ಹಾಳೆಯ ಮೇಲೆ ನಕ್ಷೆ ಬರೆದಿದ್ದರು. ಒಬ್ಬ ಹುಡುಗ, “ಈ ಒಂದು ಕಂಬ ಉಳಿದವಕ್ಕಿಂತ ಒಂದು ಗೇಣು ಗಿಡ್ಡ ಸಾರ್, ಕೆಳಗೆ ಬೇರೆ ಕಲ್ಲು ಕೊಟ್ಟು ನಿಲ್ಲಿಸಿದ್ದಾರೆ. ಇದು ಇಲ್ಲಿಯದಲ್ಲ, ಯಾವುದೋ ಬೇರೆ ಗುಡಿಯದು” ಎಂದ. ಪುಸ್ತಕವನ್ನು ಉರುಹೊಡೆದು ನಕ್ಷತ್ರಾಕಾರದ ತಳವಿನ್ಯಾಸವನ್ನು ಬರೆದ ನನಗೆ ಎಂ.ಎ. ತರಗತಿಯಲ್ಲಿ ಬರದಿದ್ದ ವಿದ್ಯೆ ಆ ಒಂಬತ್ತನೆಯ ತರಗತಿಯ ಹುಡುಗನಿಗೆ ಬಂದಿತ್ತು. ಅವಳು ಬರೋಡಕ್ಕೆ ಹೋಗಿದ್ದರೆ ಇನ್ನೇನಾಗುತ್ತಿದ್ದಳೋ ಎಂಬ ಪ್ರಶ್ನೆಯನ್ನು ನಾನು ಅವಳಲ್ಲಿ ಕೇಳಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ.

ಮುಂದೊಮ್ಮೆ ಆ ಊರಿನವರು ಸಿಕ್ಕಾಗ ಮಂಟಪವನ್ನು ವಿಚಾರಿಸಿದೆ. ಜೀರ್ಣೋದ್ಧಾರವಾಯಿತು ಎಂದರು. ಹಳೆಯ ಕಂಬಗಳನ್ನು ತೆಗೆದು ಸಿಮೆಂಟಿನ ಮಂಟಪ ಕಟ್ಟಿ, ನೆಲಕ್ಕೆ ಹೊಳೆಯುವ ಹಾಸುಗಲ್ಲು ಹಾಕಿಸಿದ್ದರು. ಅವರದು ಭಕ್ತಿಯ ಕೊರತೆಯಲ್ಲ, ಹಣವನ್ನು ಹೊಟ್ಟೆಬಟ್ಟೆ ಕಟ್ಟಿಯೇ ಕೂಡಿಸಿದ್ದರು. ಯಾವುದು ಹಳೆಯದು, ಯಾವುದು ಅಪರೂಪ, ಯಾವುದನ್ನು ಮುಟ್ಟಬಾರದು ಎಂದು ಹೇಳಬಲ್ಲವರು ಅವರ ನಡುವೆ ಕುಳಿತಿರಲಿಲ್ಲ, ಅಷ್ಟೆ. ಇಂತಹ ನಿರ್ಧಾರಗಳು ರಾಜಧಾನಿಯಲ್ಲಿ ಆಗುವುದಿಲ್ಲ. ಸಂಜೆಯ ಹೊತ್ತು ಅರಳಿಕಟ್ಟೆಯ ಮೇಲೆ ಆಗುತ್ತವೆ. ಆ ಕಟ್ಟೆಯ ಮೇಲೆ ಈ ವಿದ್ಯೆ ಕಲಿತ ಒಬ್ಬರಾದರೂ ಇರಬೇಕೆಂಬುದಕ್ಕಾಗಿಯೇ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಕಲಿಸಬೇಕು. ತುಮಕೂರಿಗೆ 2004ರಲ್ಲಿ ತನ್ನದೇ ವಿಶ್ವವಿದ್ಯಾನಿಲಯ ಬಂದಿದೆ. ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಉನ್ನತ ವಿದ್ಯೆ ಈಗ ಮೊದಲಿನಷ್ಟು ದೂರವಿಲ್ಲ. ಇನ್ನೊಬ್ಬ ಹುಡುಗಿ ಬಂದು ಅದೇ ಪ್ರಶ್ನೆಯನ್ನು ಕೇಳಿದರೆ ಓದಮ್ಮ ಎಂದು ಹೇಳುವೆ. ಹೊರಡುವ ಮೊದಲು ಹೇಮಾವತಿಯನ್ನೊಮ್ಮೆ ನೋಡಿ ಬಾ ಎಂದೂ ಹೇಳುವೆ.

ಮಂಟಪದ ಆ ಗಿಡ್ಡ ಕಂಬ ಈಗ ಎಲ್ಲಿದೆಯೋ ತಿಳಿಯದು. ಮಕ್ಕಳು ಬರೆದ ನಕ್ಷೆ ಮಾತ್ರ ಶಾಲೆಯ ಬೀರುವಿನಲ್ಲಿದೆಯಂತೆ.